ಅಡಿಕೆ ಸುಲಿಯುವ ಕೈಗೆ ಟೆನಿಸ್ ಎಲ್ಬೋ

ಹಾಲಿನ ಚೊಂಬು ಎತ್ತಲು ಹೋದೆ. ಬಲ ಮೊಣಕೈಯ ಹೊರಗಿನ ಮೂಳೆಯಿಂದ ಮಣಿಕಟ್ಟಿನವರೆಗೆ ಛಳಕ್ ಎಂದಿತು, ಚೊಂಬು ಕೈಜಾರಿತು. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯಲು ಶುರುಮಾಡಿ ಆಗ ಮೂರು ವಾರ.

ಫಿಸಿಯೋಥೆರಪಿಸ್ಟ್ ನನ್ನ ಕೈ ನೇರ ಚಾಚಿಸಿ, ಮಧ್ಯದ ಬೆರಳನ್ನು ಮೇಲೆತ್ತಿ ಹಿಡಿಯಲು ಹೇಳಿ ಅದನ್ನು ಕೆಳಗೊತ್ತಿದರು. ಅದೇ ಜಾಗದಲ್ಲಿ ನೋವು. ‘ಟೆನಿಸ್ ಎಲ್ಬೋ’ ಎಂದರು. 2004ರಲ್ಲಿ ತೆಂಡೂಲ್ಕರ್‌ಗೆ ಆದಾಗ ಕೇಳಿದ್ದ ಹೆಸರು. ಮಣಿಕಟ್ಟನ್ನು ಮೇಲೆತ್ತುವ ಸ್ನಾಯು ಮೊಣಕೈ ಮೂಳೆಗೆ ಅಂಟುವಲ್ಲಿ ಅದರ ನಾರು ಸವೆದಿರುತ್ತದಂತೆ. ಹಿಂಡುವ, ತಿರುಚುವ, ಗಟ್ಟಿಯಾಗಿ ಹಿಡಿಯುವ ಕೆಲಸ ಯಾವುದಾದರೂ ಸಾಕು.

ಕೊಯ್ಲಿನ ಹೊತ್ತು, ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡುಬಿಡೋಣ ಅನ್ನಿಸಿತ್ತು. ಆಗ ಓದಿದ್ದು ನೆದರ್‌ಲೆಂಡ್ಸ್‌ನ ಒಂದು ಅಧ್ಯಯನ. 2002ರಲ್ಲಿ ಪ್ರಕಟವಾದದ್ದು, 185 ರೋಗಿಗಳು. ಆರು ವಾರಕ್ಕೆ ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 92 ಮಂದಿಗೆ ಗುಣ, ಫಿಸಿಯೋಥೆರಪಿಯವರಲ್ಲಿ 47. ವರ್ಷ ಕಳೆದಾಗ ಲೆಕ್ಕ ತಿರುಗಿತ್ತು: ಇಂಜೆಕ್ಷನ್ 69, ಫಿಸಿಯೋಥೆರಪಿ 91. ಏನೂ ಮಾಡದೆ ಕಾದವರಲ್ಲೂ 83! ಅಂದರೆ ಕಾಲವೇ ದೊಡ್ಡ ವೈದ್ಯ. ಆದರೆ ಸುಮ್ಮನೆ ಕೂರುವ ಹಾಗಿಲ್ಲದ ನಾನು ವ್ಯಾಯಾಮ ಆರಿಸಿಕೊಂಡೆ.

ಮೊದಲೆರಡು ವಾರ ಅಲುಗಾಟವಿಲ್ಲದ ಹಿಡಿತ ಮಾತ್ರ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖ ಮಾಡಿ, ಎಡಗೈಯಿಂದ ಬಲಗೈಯ ಬೆನ್ನನ್ನು ಒತ್ತಿ, ಬಲಗೈ ಮಣಿಯದಂತೆ ತಡೆದು 30 ಸೆಕೆಂಡ್. ದಿನಕ್ಕೆ ಐದು ಸಲ. ಆಮೇಲೆ ಅರ್ಧ ಲೀಟರಿನ ನೀರಿನ ಬಾಟಲಿ. ಅಂಗೈ ಮೇಜಿನ ಅಂಚಿನಾಚೆ ಬರುವಂತೆ ಕೂತು, ಎಡಗೈ ಆಸರೆಯಲ್ಲಿ ಬಾಟಲಿ ಮೇಲೆತ್ತಿ, ಆಸರೆ ಬಿಟ್ಟು ನಾಲ್ಕು ಎಣಿಸುತ್ತ ಇಳಿಸುವುದು. ಇಳಿಸುವುದರಲ್ಲೇ ಇರುವುದು ಗುಟ್ಟು. ನನಗೆ ಅರ್ಥವಾಗಲು ತಿಂಗಳು ಬೇಕಾಯಿತು. ಅವಸರದಲ್ಲಿ ಎತ್ತಿ ಎತ್ತಿ ನೋವು ಏರಿಸಿಕೊಂಡಿದ್ದೆ. ಹತ್ತರಲ್ಲಿ ಮೂರರಷ್ಟು ನೋವು ನಡೆಯುತ್ತದೆ, ಮರುದಿನ ಬೆಳಿಗ್ಗೆಯೂ ಉಳಿದರೆ ಭಾರ ಹೆಚ್ಚಾಯಿತೆಂದೇ ಲೆಕ್ಕ. ಮೂರನೇ ತಿಂಗಳು ಒದ್ದೆ ಟವೆಲನ್ನು ಮೆಲ್ಲಗೆ ಹಿಂಡುವುದನ್ನೂ ಸೇರಿಸಿದೆ.

ಅತ್ತೆ ರಾತ್ರಿ ಲಕ್ಕಿ ಸೊಪ್ಪನ್ನು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದರು. ಎಳ್ಳೆಣ್ಣೆ ಸವರಿ ಹತ್ತು ನಿಮಿಷ. ಅದರಿಂದ ನಾರು ಕೂಡಿತು ಅಂತ ನಾನು ಹೇಳಲಾರೆ. ನಿದ್ದೆ ಮಾತ್ರ ಖಂಡಿತ ಬಂತು, ಆ ದಿನಗಳಲ್ಲಿ ಅದು ಸಣ್ಣ ಉಪಕಾರವಲ್ಲ. ಬೆರಳು ಜೋಮು ಹಿಡಿದರೆ, ಕುತ್ತಿಗೆಯಿಂದ ನೋವು ಇಳಿದರೆ ಮನೆಮದ್ದು ಬಿಟ್ಟು ವೈದ್ಯರಿಗೆ ತೋರಿಸಿ, ಅದು ಬೇರೆ ಕಾಯಿಲೆಯಿರಬಹುದು.

ಕೊಡ, ಬುಟ್ಟಿಯನ್ನು ಈಗ ಅಂಗೈ ಮೇಲ್ಮುಖ ಮಾಡಿ, ಮೈಗೆ ತಾಗಿಸಿ ಎತ್ತುತ್ತೇನೆ. ಐದನೇ ತಿಂಗಳ ಕೊನೆಗೆ ಚೊಂಬು ಒಂದೇ ಕೈಲಿ ಎತ್ತಿದೆ. ಈ ಸಲದ ಕೊಯ್ಲಿಗೂ ಮೆಟ್ಟುಗತ್ತಿಯ ಮುಂದೆ ಕೂತಿದ್ದೇನೆ, ಅರ್ಧ ಗಂಟೆಗೊಮ್ಮೆ ಎದ್ದು ಕೈ ಸಡಿಲಿಸುತ್ತೇನೆ. ಬಾಟಲಿ ಈಗ ಒಂದು ಲೀಟರಿನದ್ದು.