ಡೇಟಾಬೇಸ್ ಕಾವಲಿಗೆ ರೂಟ್ ಖಾತೆ ಬೇಡ

ಕಾಫಿ ಖರೀದಿಯ ಲೆಕ್ಕವಿರಲಿ, ಹೋಂಸ್ಟೇ ಬುಕಿಂಗ್ ಇರಲಿ, ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಇಟ್ಟ ಮೈಎಸ್‌ಕ್ಯೂಎಲ್ ಡೇಟಾಬೇಸ್ ಸರ್ವರ್ ಮೇಲೆ ಕಣ್ಣಿಡಲು ಮಾನಿಟರಿಂಗ್ ತಂತ್ರಾಂಶ ಹಾಕುವಾಗ ಅದಕ್ಕೆ ಎಲ್ಲ ಅಧಿಕಾರವಿರುವ ರೂಟ್ ಖಾತೆಯ ಪಾಸ್‌ವರ್ಡನ್ನೇ ಕೊಟ್ಟುಬಿಡುವವರು ಬಹಳ. ಪಾಸ್‌ವರ್ಡ್ ಹೆಚ್ಚಾಗಿ ಕಾನ್ಫಿಗ್ ಫೈಲಿನಲ್ಲಿ ಬರೆದಂತೆಯೇ ಬಿದ್ದಿರುತ್ತದೆ. ಅದು ಯಾರಿಗಾದರೂ ಸಿಕ್ಕರೆ ಬೆಳೆಗಾರರ ಬಾಕಿಪಟ್ಟಿಯನ್ನು ಓದುವುದಿರಲಿ, ಅಳಿಸಿಯೂ ಹಾಕಬಹುದು.

ಮೊದಲು ಪ್ರತ್ಯೇಕ ಖಾತೆ ತೆರೆಯಿರಿ. ಅನುಮತಿ ಕೊಡುವ ಗ್ರಾಂಟ್ ಆದೇಶವೇ ಖಾತೆಯನ್ನೂ ಸೃಷ್ಟಿಸುವ ಹಳೆಯ ರೂಢಿ ಮೈಎಸ್‌ಕ್ಯೂಎಲ್ 8.0 ಆವೃತ್ತಿಯಿಂದ ನಿಂತಿದೆ. ಕ್ರಿಯೇಟ್ ಯೂಸರ್ ಮೊದಲು, ಗ್ರಾಂಟ್ ಆಮೇಲೆ. ತಂತ್ರಾಂಶ ಅದೇ ಯಂತ್ರದಲ್ಲಿದ್ದರೆ ಹೆಸರಿನ ಜೊತೆ ಲೋಕಲ್‌ಹೋಸ್ಟ್ ಸಾಕು. ಕುಶಾಲನಗರದ ಕಚೇರಿಯಿಂದ ನೋಡಬೇಕಿದ್ದರೆ ಅಲ್ಲಿನ ಐಪಿ ವಿಳಾಸ ಕೊಡಬೇಕು. ತೊಡಕು ಇಲ್ಲೇ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮೋಡೆಮ್ ಮತ್ತೆ ಶುರುವಾದಾಗ ಬ್ರಾಡ್‌ಬ್ಯಾಂಡ್ ಐಪಿ ಬದಲಾಗಿರುವುದುಂಟು. ಆಗ ಪ್ರವೇಶ ನಿರಾಕರಿಸುವ 1130 ಅಥವಾ 1045 ಎಂಬ ದೋಷಸಂಖ್ಯೆ ಕಾಣುತ್ತದೆ. ಪಾಸ್‌ವರ್ಡ್ ಸರಿಯಾಗಿಯೇ ಇರುತ್ತದೆ. ಬೇಸತ್ತು ವಿಳಾಸದ ಜಾಗದಲ್ಲಿ ಶೇಕಡಾ ಚಿಹ್ನೆ ಹಾಕಿಬಿಟ್ಟರೆ ಎಲ್ಲಿಂದ ಬೇಕಾದರೂ ಲಾಗಿನ್‌ಗೆ ಪ್ರಯತ್ನಿಸಬಹುದು. ಅದರ ಬದಲು ಎರಡೂ ಕಡೆಯನ್ನು ಖಾಸಗಿ ಜಾಲದಲ್ಲಿ ಸೇರಿಸುವ ವೈರ್‌ಗಾರ್ಡ್‌ನಂಥ ವಿಪಿಎನ್ ಹಾಕಿ, ಅದರೊಳಗಿನ ಬದಲಾಗದ ವಿಳಾಸವನ್ನೇ ಖಾತೆಗೆ ಕೊಡಿ. ದೋಷಸಂಖ್ಯೆ 2003 ಬಂದರೆ ಮಾತ್ರ ಅದು ಅನುಮತಿಯ ಪ್ರಶ್ನೆಯೇ ಅಲ್ಲ, ಸರ್ವರನ್ನು ತಲುಪಲೇ ಆಗುತ್ತಿಲ್ಲ ಎಂದರ್ಥ. ಉಬುಂಟುವಿನಲ್ಲಿ ಬೈಂಡ್ ಅಡ್ರೆಸ್ (ಸರ್ವರ್ ಸಂಪರ್ಕ ಸ್ವೀಕರಿಸುವ ವಿಳಾಸ) 127.0.0.1, ಅಂದರೆ ಅದೇ ಯಂತ್ರಕ್ಕೆ ಮಾತ್ರ ಎಂದೇ ಉಳಿದಿದೆಯೇ, ಫೈರ್‌ವಾಲ್ ಮೈಎಸ್‌ಕ್ಯೂಎಲ್‌ನ 3306 ಪೋರ್ಟನ್ನು ತಡೆದಿದೆಯೇ ನೋಡಿ.

ಇನ್ನು ಅನುಮತಿ. ಮೂರು ಸಾಕು: ನಡೆಯುತ್ತಿರುವ ಕೆಲಸ ನೋಡಲು ಪ್ರೋಸೆಸ್, ಸರ್ವರಿನ ಪ್ರತಿಗಳ ಸ್ಥಿತಿ ನೋಡಲು ರೆಪ್ಲಿಕೇಶನ್ ಕ್ಲೈಂಟ್, ಮತ್ತು ಸರ್ವರಿನ ಕಾರ್ಯಕ್ಷಮತೆಯ ಅಂಕಿಅಂಶವಿರುವ ಪರ್ಫಾರ್ಮೆನ್ಸ್ ಸ್ಕೀಮಾದ ಮೇಲೆ ಮಾತ್ರ ಸೆಲೆಕ್ಟ್, ಅಂದರೆ ಓದುವ ಅನುಮತಿ. ಮೊದಲೆರಡನ್ನು ಇಡೀ ಸರ್ವರಿಗೇ, ಅಂದರೆ ಚುಕ್ಕಿಯ ಎರಡೂ ಬದಿ ನಕ್ಷತ್ರ (*.*) ಹಾಕಿ ಕೊಡಬೇಕು. ಒಂದೇ ಡೇಟಾಬೇಸಿನ ಹೆಸರು ಬರೆದರೆ 1221 ದೋಷ. ಹಲವು ಕೈಪಿಡಿಗಳು ಸೆಲೆಕ್ಟನ್ನೂ ಇಡೀ ಸರ್ವರಿಗೆ ಕೊಡಿ ಎನ್ನುತ್ತವೆ. ಒಪ್ಪಬೇಡಿ, ಕಾವಲು ಖಾತೆ ಬೆಳೆಗಾರರ ಲೆಕ್ಕ ಓದಬೇಕಾಗಿಲ್ಲ. ಕೊಡದಿದ್ದರೆ ಟೇಬಲ್‌ಗಳ ಗಾತ್ರದ ನಕ್ಷೆ ಖಾಲಿ ಉಳಿಯಬಹುದು, ನಿಜ. 8.0ರಲ್ಲಿ ಅದಕ್ಕೂ ದಾರಿಯಿದೆ: ಸರ್ವರ್ ತನ್ನ ಬಗ್ಗೆಯೇ ಇಡುವ ಮಾಹಿತಿಯಾದ ಇನ್ಫರ್ಮೇಶನ್ ಸ್ಕೀಮಾದ ಇನ್ನೋಡಿಬಿ ಟೇಬಲ್‌ಸ್ಪೇಸಸ್ ಪಟ್ಟಿಯಲ್ಲಿ ಫೈಲ್ ಗಾತ್ರ ಸಿಗುತ್ತದೆ, ಪ್ರೋಸೆಸ್ ಅನುಮತಿಯೇ ಸಾಕು. ಹಾಗೆಂದು ಪ್ರೋಸೆಸ್ ಏನೂ ಸಾಧುವಲ್ಲ. ಆ ಹೊತ್ತಿಗೆ ನಡೆಯುತ್ತಿರುವ ಕ್ವೆರಿಗಳೆಲ್ಲ (ಡೇಟಾಬೇಸಿಗೆ ಹೋಗುವ ಪ್ರಶ್ನೆಗಳು) ಅದಕ್ಕೆ ಕಾಣುತ್ತವೆ, ಒಳಗೆ ಬೆಳೆಗಾರರ ಫೋನ್ ನಂಬರ್ ಇದ್ದರೆ ಅದೂ.

ಖಾತೆಗೆ ಮ್ಯಾಕ್ಸ್ ಯೂಸರ್ ಕನೆಕ್ಷನ್ಸ್ 3, ಅಂದರೆ ಒಮ್ಮೆಗೆ ಮೂರೇ ಸಂಪರ್ಕ ಎಂದು ಮಿತಿ ಹಾಕಿ. ಸರ್ವರ್ ತಡವರಿಸುವಾಗ ಹಿಂದಿನ ಪ್ರಶ್ನೆ ಮುಗಿಯುವ ಮುನ್ನವೇ ತಂತ್ರಾಂಶ ಮತ್ತೆ ಮತ್ತೆ ಸಂಪರ್ಕ ತೆರೆದು, ಕಾವಲುಗಾರನೇ ಹೊರೆಯಾಗುವುದು ಇದರಿಂದ ತಪ್ಪುತ್ತದೆ.

ಪರೀಕ್ಷೆ ಎರಡೂ ಕಡೆಯಿಂದ ಆಗಬೇಕು. ಹೊಸ ಖಾತೆಯಲ್ಲಿ ಲಾಗಿನ್ ಆಗಿ ಶೋ ಗ್ರಾಂಟ್ಸ್, ಶೋ ಪ್ರೋಸೆಸ್‌ಲಿಸ್ಟ್ ಓಡಿಸಿ. ಆಮೇಲೆ ಖರೀದಿ ಟೇಬಲ್ ಒಂದರ ಮೇಲೆ ಸೆಲೆಕ್ಟ್ ಹಾಕಿ. 1142 ಎಂದು ನಿರಾಕರಿಸಿದರೆ ಮಾತ್ರ ಕೆಲಸ ಸರಿಯಾಗಿದೆ. ಪಾಸ್‌ವರ್ಡ್ ಇರುವ ಫೈಲಿಗೆ 600 ಅನುಮತಿ (ಮಾಲೀಕ ಮಾತ್ರ ಓದಿ ಬರೆಯುವಂತೆ) ಕೊಡಿ, ಅದರ ಮಾಲೀಕತ್ವ ತಂತ್ರಾಂಶ ಓಡುವ ಬಳಕೆದಾರನ ಹೆಸರಿನಲ್ಲಿರಲಿ.

ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನಲ್ಲಿ ಕೆಲಸ ಹಗುರ. 2017ರ 10ನೇ ಆವೃತ್ತಿಯಿಂದ ಪಿಜಿ ಮಾನಿಟರ್ ಎಂಬ ಸಿದ್ಧ ರೋಲ್ (ಅನುಮತಿಗಳ ಕಟ್ಟು) ಇದೆ, ಅದನ್ನು ಖಾತೆಗೆ ಗ್ರಾಂಟ್ ಮಾಡಿದರಾಯಿತು. ಯಾರು ಎಲ್ಲಿಂದ ಸಂಪರ್ಕಿಸಬಹುದು ಎಂದು ಹೇಳುವ ಪಿಜಿ ಎಚ್‌ಬಿಎ ಫೈಲಿನಲ್ಲಿ ಮೊದಲು ಹೊಂದುವ ಸಾಲೇ ಜಾರಿಗೆ ಬರುವುದರಿಂದ ಹೊಸ ಸಾಲನ್ನು ಮೇಲೆ ಸೇರಿಸಿ ರೀಲೋಡ್ ಮಾಡಿ, ರೀಸ್ಟಾರ್ಟ್ ಬೇಕಿಲ್ಲ. ಸಂಪರ್ಕಗಳೆಲ್ಲ ಭರ್ತಿಯಾದಾಗ ಕಾವಲು ಖಾತೆಗೇ ಜಾಗ ಸಿಗದ ಸಮಸ್ಯೆಗೆ 16ನೇ ಆವೃತ್ತಿಯಲ್ಲಿ ಕೆಲವು ಸಂಪರ್ಕಗಳನ್ನು ಕಾದಿರಿಸುವ ರಿಸರ್ವ್ಡ್ ಕನೆಕ್ಷನ್ಸ್ ಸೆಟ್ಟಿಂಗ್ ಬಂದಿದೆ. ಅದಕ್ಕೆ 2 ಎಂದು ಕೊಟ್ಟು, ಪಿಜಿ ಯೂಸ್ ರಿಸರ್ವ್ಡ್ ಕನೆಕ್ಷನ್ಸ್ ರೋಲನ್ನೂ ಖಾತೆಗೆ ಸೇರಿಸಿ. ಈ ಬದಲಾವಣೆಗೆ ಮಾತ್ರ ಸರ್ವರ್ ರೀಸ್ಟಾರ್ಟ್ ಆಗಲೇಬೇಕು.