'ಟೇಕ್' ತಲೆ ತಿಂತಿದ್ರೆ 'ಹಿಡಿ' ಅಂದುಕೊಂಡು ನೋಡಿ

ಟೇಕ್ ಅಂದ್ರೆ 'ತೆಗೆದುಕೋ' ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು, ಅಲ್ವಾ? ಗೋಳು ಶುರುವಾಗೋದೇ ಅಲ್ಲಿಂದ. 'ಟೇಕ್ ದ ಬಸ್' ಅಂದ್ರೆ ಬಸ್ಸನ್ನೇ ತೆಗೆದುಕೊಳ್ಳೋದಾ?

ಅದರ ಬದಲು 'ಹಿಡಿ' ಹಾಕಿ ನೋಡಿ. ಬಸ್ ಹಿಡಿ. 'ಇಟ್ ಟೇಕ್ಸ್ ಟೂ ಅವರ್ಸ್' ಅಂದ್ರೆ ಎರಡು ಗಂಟೆ ಹಿಡಿಯುತ್ತದೆ. ಗಿಡ 'ಟೇಕ್ಸ್ ರೂಟ್' ಅಂದ್ರೆ ಬೇರು ಹಿಡಿಯುತ್ತದೆ. 'ಶೀ ಟುಕ್ ಟು ಹಿಮ್' ಅಂದ್ರೆ ಅವಳಿಗೆ ಅವನು ಹಿಡಿಸಿದ.

ಇದು ಸುಮ್ನೆ ಕೂಡಿಬಂದದ್ದೂ ಅಲ್ಲ, ಯಾಕಂದ್ರೆ ಈ ಪದದ ಹಳೆಯ ಅರ್ಥವೇ ಹಿಡಿಯೋದು. ಇದು ಇಂಗ್ಲಿಷಿನ ಸ್ವಂತ ಮಾತಲ್ಲ. 9ನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ನೆಲೆಸಿದ ವೈಕಿಂಗರು (ಡೆನ್ಮಾರ್ಕ್, ನಾರ್ವೆ ಕಡೆಯ ಕಡಲುಗಾರರು) ತಂದ 'ಟಾಕಾ' ಇದು. ಅವರಿಗೆ ಹಿಡಿ ಅಂದ್ರೂ ಅದೇ, ಮುಟ್ಟು ಅಂದ್ರೂ ಅದೇ. ನೆಂಟ ಭಾಷೆ ಗಾಥಿಕ್‌ನಲ್ಲಿ 'ಟೇಕನ್' ಅಂದ್ರೆ ಮುಟ್ಟು. (ಕನ್ನಡಕ್ಕೂ ಇವಕ್ಕೂ ನೆಂಟಸ್ತನ ಇಲ್ಲ, ವಾಟ್ಸಾಪ್‌ನಲ್ಲಿ ಹಾಗಂತ ಹಂಚಬೇಡಿ!)

'ಟೇಕ್ಡ್' ಅಂತ ಬಾಯಿಗೆ ಬರುತ್ತಾ? ಶೇಕ್-ಶುಕ್-ಶೇಕನ್ ಜೊತೆಗೇ ಟೇಕ್-ಟುಕ್-ಟೇಕನ್ ಹೇಳಿಕೊಳ್ಳಿ, ಎರಡಕ್ಕೂ ಒಂದೇ ಅಚ್ಚು. 'ಮಿಸ್ಟೇಕ್' ಕೂಡ ವೈಕಿಂಗರದ್ದೇ, ತಪ್ಪಾಗಿ ಹಿಡಿದದ್ದು.

ಎಲ್ಲ ಕಡೆ ಈ ಉಪಾಯ ನಡೆಯಲ್ಲ. 'ಟೇಕ್ ಎ ಬಾತ್' ಅಂದ್ರೆ ಸ್ನಾನ ಮಾಡು, 'ಟೇಕ್ ಪ್ಲೇಸ್' ಅಂದ್ರೆ ಘಟನೆ ನಡೆಯೋದು, ಇಂಥವನ್ನು ಇಡಿಯಾಗಿ ಕಲಿಯೋದೇ ವಾಸಿ. ಇನ್ನೊಂದು, ಜಾಸ್ತಿ ಜನ ಎಡವೋದು ಇಲ್ಲೇ: ಇಲ್ಲಿಗೆ ತಾ ಅನ್ನೋಕೆ 'ಬ್ರಿಂಗ್', ಅಲ್ಲಿಗೆ ಒಯ್ಯಿ ಅನ್ನೋಕೆ 'ಟೇಕ್'.

ಹಾಗಾದ್ರೆ ವೈಕಿಂಗರು ಬರುವ ಮುಂಚೆ ಇಂಗ್ಲಿಷರು ಏನಂತಿದ್ದರು? 'ನಿಮನ್'. ಜರ್ಮನ್ನರು ಇವತ್ತಿಗೂ 'ನೇಮೆನ್' ಅಂತಾರೆ. ಇಂಗ್ಲಿಷಿನಲ್ಲಿ ಅದು ಸತ್ತುಹೋದರೂ ಒಂದು ಚೂರು ಉಳಿದಿದೆ: 'ನಮ್' (numb), ಅಂದ್ರೆ ಮರಗಟ್ಟಿದ. ಕೊನೆಯ 'ಬಿ' ಆಮೇಲೆ ಅಂಟಿಕೊಂಡದ್ದು, ಉಚ್ಚರಿಸಬೇಡಿ. ಮೂಲದಲ್ಲಿ ಅದರ ಅರ್ಥ 'ಹಿಡಿಯಲ್ಪಟ್ಟ'. ಜಾಸ್ತಿ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತು ಎದ್ದರೆ ನಾವೂ ಅದನ್ನೇ ಹೇಳೋದು, ಕಾಲಿಗೆ ಜೋಮು ಹಿಡೀತು ಅಂತ.