ಮುರುಗಲ ಬೀಜವನ್ನು ಗಾಣಕ್ಕೆ ಹಾಕಿದ್ದು: ನನ್ನ ಅನುಭವ

ಮುರುಗಲ (ಕೋಕಂ) ಬೀಜ ಗಾಣಕ್ಕೆ ಆಗೋದಿಲ್ಲ, ಕುದಿಸಿಯೇ ತುಪ್ಪ, ಅಂದರೆ ಅದರ ಗಟ್ಟಿ ಕೊಬ್ಬು, ತೆಗೆಯಬೇಕು ಎಂದು ನಮ್ಮ ಶಿರಸಿ ಕಡೆ ಎಲ್ಲರೂ ಹೇಳುತ್ತಿದ್ದರು. ಈಗ ಎರಡು ಹಂಗಾಮಿನಿಂದ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಗಾಣದಲ್ಲೇ ತೆಗೆಯುತ್ತಿದ್ದೇನೆ. ಕುದಿಸಿದಾಗ ಸಿಗುತ್ತಿದ್ದುದರ ಹೆಚ್ಚೂ ಕಡಿಮೆ ದುಪ್ಪಟ್ಟು ಸಿಗುತ್ತಿದೆ. ಆಗೋದಿಲ್ಲ ಅಂದವರೇ ಈಗ ಬೀಜ ತಂದು ಕೊಡುತ್ತಾರೆ, ಅದೂ ದರ ಕೇಳಿಕೊಂಡು.

ಬೀಜ ಎಲ್ಲಿಂದ ಅಂತ ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್–ಮೇನಲ್ಲಿ ಶರಬತ್ತಿನ ಪಾಕ ಮಾಡುವವರು ಸಿಪ್ಪೆಯನ್ನಷ್ಟೇ ಸಕ್ಕರೆಗೆ ಹಾಕುತ್ತಾರೆ. ಬೀಜ, ಅದರ ಸುತ್ತಲಿನ ಲೋಳೆ ಎಲ್ಲ ಗುಂಡಿಗೆ. ಮೊದಲ ವರ್ಷ ಪುಕ್ಕಟೆ ಸಿಕ್ಕಿತು, ಸಾಗಿಸುವ ಖರ್ಚು ಮಾತ್ರ. ಆಮೇಲೆ ಒಣಗಿದ್ದು ಕೆಜಿಗೆ ಇಪ್ಪತ್ತು ರೂಪಾಯಿ ಆಯಿತು. ಈ ವರ್ಷ ಮೂವತ್ತರ ಹತ್ತಿರ ಬಂದಿದೆ. ಕೆಲವರು ಉಪ್ಪು ಹಾಕಿ ರಸ ಇಳಿಸಿದ ಬೀಜವನ್ನೂ ಸೇರಿಸಿ ಕೊಡುತ್ತಾರೆ. ಅದು ತೂಕಕ್ಕೆ ಜಾಸ್ತಿ, ಗಾಣದ ಕಬ್ಬಿಣಕ್ಕೆ ಶತ್ರು. ಒಂದು ಬೀಜ ನಾಲಿಗೆಗೆ ಇಟ್ಟು ನೋಡಿ ತಗೊಳ್ಳಿ.

ಲೋಳೆ ಬಿಡಿಸೋದೇ ದೊಡ್ಡ ರಗಳೆ. ಕಾಳುಮೆಣಸು ಬಿಡಿಸುವ ಯಂತ್ರಕ್ಕೆ ಹಾಕಿ ನೋಡಿದೆ, ಹಸಿ ಬೀಜ ಅಪ್ಪಚ್ಚಿ. ಕೊನೆಗೆ ಡ್ರಮ್ಮಿನಲ್ಲಿ ನೀರು ಹಾಕಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಬಿದಿರ ಬುಟ್ಟಿಯಲ್ಲಿ ತಿಕ್ಕಿ ತೊಳೆಯೋದೇ ಸರಿಯಾಯಿತು. ಎರಡು ರಾತ್ರಿ ಬಿಟ್ಟರೆ ಹುಳಿ ವಾಸನೆ ಬೀಜದ ಒಳಗೇ ಇಳಿಯುತ್ತದೆ.

ಒಣಗಿಸುವಾಗ ದುಡ್ಡು ಹೋಯಿತು. ಒಂದು ವರ್ಷ ಮೇ ಕೊನೆಯಲ್ಲೇ ಮಳೆ ಹಿಡಿಯಿತು. ಅಂಗಳದಲ್ಲಿದ್ದ ಸುಮಾರು ನಾಲ್ಕು ಕ್ವಿಂಟಲ್ ಬೀಜಕ್ಕೆ ಬೂಸ್ಟು ಬಂತು. ತುಪ್ಪ ಬಂತು ಬಿಡಿ, ಆದರೆ ಕಮಟು. ಬೆಂಗಳೂರಿನ ಕ್ರೀಮು ತಯಾರಕರೊಬ್ಬರು ಪರೀಕ್ಷೆ ಮಾಡಿಸಿ, ಕೊಬ್ಬು ಕೆಟ್ಟಾಗ ಬಿಡುಗಡೆಯಾಗುವ ಆಮ್ಲ, ಅಂದರೆ ಎಫ್‌ಎಫ್‌ಎ ಒಂಬತ್ತೋ ಹತ್ತೋ ಪರ್ಸೆಂಟ್ ಇದೆ ಎಂದು ಪೂರ್ತಿ ಮಾಲು ವಾಪಸ್ ಕಳಿಸಿದರು. ಲಾರಿ ಬಾಡಿಗೆ ಎರಡೂ ಕಡೆಯದ್ದು ನನ್ನ ತಲೆಗೇ. ಆ ಮಾಲನ್ನು ಕೊನೆಗೆ ಸಾಬೂನು ಮಾಡುವವರಿಗೆ ಅರ್ಧ ಬೆಲೆಗೆ ಕೊಟ್ಟೆ. ಸಾಬೂನಿಗೆ ಹೇಗೂ ಕಾಸ್ಟಿಕ್ ಸೋಡಾ ಹಾಕುತ್ತಾರಲ್ವಾ, ಅವರಿಗೆ ಎಫ್‌ಎಫ್‌ಎ ಚಿಂತೆ ಇಲ್ಲ. ಈಗ ಅಡಿಕೆ ಡ್ರೈಯರಿನಲ್ಲೇ ಒಣಗಿಸುತ್ತೇನೆ. ಆ ಹೊತ್ತಿಗೆ ಅದು ಹೇಗೂ ಖಾಲಿ ಬಿದ್ದಿರುತ್ತದೆ. ಉಗುರಿನಿಂದ ಒತ್ತಿದರೆ ಸಿಪ್ಪೆ ಚಟ್ ಎಂದು ಒಡೆಯಬೇಕು. ಅಲ್ಲಿವರೆಗೂ ಚೀಲ ಕಟ್ಟಬೇಡಿ.

ಇನ್ನು ಗಾಣ. ಮೊದಲ ಪ್ರಯೋಗ ಮಾಡಿದ್ದು ಕೊಬ್ಬರಿ ಎಣ್ಣೆ ತೆಗೆಯುವ ಮಿಲ್ಲಿನಲ್ಲಿ. ಹತ್ತು ನಿಮಿಷ ಚೆನ್ನಾಗಿ ನಡೆಯಿತು, ಆಮೇಲೆ ಮೋಟರ್ ನರಳತೊಡಗಿತು. ಮುರುಗಲ ತುಪ್ಪ ಕರಗೋದೇ ನಲವತ್ತು ಡಿಗ್ರಿಯ ಆಸುಪಾಸಿನಲ್ಲಿ. ತಣ್ಣಗಿನ ಕಬ್ಬಿಣದ ಪಟ್ಟಿಗಳ ಸಂದಿಗೆ ಬಂದದ್ದೇ ಮೇಣದ ಹಾಗೆ ಹೆಪ್ಪುಗಟ್ಟಿ ದಾರಿ ಮುಚ್ಚಿತ್ತು. ಪಟ್ಟಿ ಒಂದೊಂದೇ ಬಿಚ್ಚಿ, ಬ್ಲೋ ಲ್ಯಾಂಪ್ ಹಿಡಿದು ಕರಗಿಸಿ ಕೊಡಬೇಕಾಯಿತು. ಮಿಲ್ಲಿನವರು ಹೇಳಿದ್ದು ಒಂದೇ ಮಾತು: "ಮಾರಾಯ್ರೆ, ಇನ್ನು ಕೊಬ್ಬರಿ ಇದ್ರೆ ಮಾತ್ರ ಬನ್ನಿ." ನಮ್ಮ ಭಾವನಂತೂ ಇದನ್ನು ಇಡೀ ಸೀಮೆಗೆ ಹೇಳಿಕೊಂಡು ಬಂದ.

ಹಳೇ ಎಕ್ಸ್‌ಪೆಲ್ಲರ್ ಒಂದನ್ನು, ಅಂದರೆ ಸ್ಕ್ರೂ ತಿರುಗಿ ಹಿಂಡುವ ಗಾಣವನ್ನು, ಎಂಬತ್ತು ಸಾವಿರದ ಸುಮಾರಿಗೆ ತಂದೆ. ರಿಪೇರಿಗೆ ಮತ್ತೆ ಹದಿನೈದು. ಪ್ಲಾಸ್ಟಿಕ್ ಕಾರ್ಖಾನೆಗಳಲ್ಲಿ ಬಳಸುವ ಬ್ಯಾಂಡ್ ಹೀಟರನ್ನು ಸ್ಕ್ರೂ ಕೂರುವ ಕೊಳವೆಗೆ, ಅಂದರೆ ಬ್ಯಾರೆಲ್ಲಿಗೆ ಸುತ್ತಿ, ಒಂದು ಥರ್ಮೋಸ್ಟಾಟ್ ಕೂರಿಸಿದೆ. ಐವತ್ತೈದರಿಂದ ಅರವತ್ತು ಡಿಗ್ರಿ ಇದ್ದರೆ ತುಪ್ಪ ನೀರಿನಂತೆ ಇಳಿಯುತ್ತದೆ. ಬೀಜದ ತಿರುಳನ್ನೂ ಬಿಸಿ ಮಾಡಿಯೇ ಹಾಕಬೇಕು, ತಣ್ಣಗಿನದ್ದು ಹಾಕಿದರೆ ಹೀಟರ್ ಸೋಲುತ್ತದೆ. ಕರೆಂಟು ಹೋದರೆ ಮಾತ್ರ ಕತೆ ಮುಗೀತು. ಮಳೆಗಾಲದಲ್ಲಿ ನಮ್ಮೂರ ಲೈನು ಹೇಗೆ ಅಂತ ಗೊತ್ತಲ್ಲ. ಅದಕ್ಕೇ ಪಕ್ಕದಲ್ಲಿ ಅಡಿಕೆ ಬೇಯಿಸುವ ಹಂಡೆಯಲ್ಲಿ ಕುದಿನೀರು ಸದಾ ತಯಾರಿರುತ್ತದೆ. ಕರೆಂಟು ಹೋದ ಕೂಡಲೇ ಹಿಂಡಿ ಬೀಳುವ ಕಡೆಯ ಬಿರಡೆ ಸಡಿಲಿಸಿ, ಬ್ಯಾರೆಲ್ಲಿನ ಮೇಲೆ ನೀರು ಹೊಯ್ಯೋದು. ಹೀಟರಿನ ಪ್ಲಗ್ ಮೊದಲು ತೆಗೀರಿ.

ಬಿಸಿ ಸರಿಹೋದ ಮೇಲೂ ಒಂದು ತೊಂದರೆ ಉಳಿದಿತ್ತು. ಸಿಪ್ಪೆ ಒಡೆದು, ಮೊರದಲ್ಲಿ ಕೇರಿ, ಶುದ್ಧ ತಿರುಳು ಹಾಕಿದರೆ ಅದು ಒಳಗೆ ಹಿಟ್ಟಾಗಿ ಸ್ಕ್ರೂ ಜೊತೆಗೇ ತಿರುಗುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ಗಾಣಕ್ಕೆ ಹಿಡಿತ ಬೇಕು. ಕೇರಿದ ಹೊಟ್ಟನ್ನೇ ಸ್ವಲ್ಪ ವಾಪಸ್ ಬೆರೆಸಿದೆ ನೋಡಿ, ಹಿಂಡಿ ಚಕ್ಕೆ ಚಕ್ಕೆಯಾಗಿ ಬೀಳತೊಡಗಿತು. ಎಷ್ಟು ಬೆರೆಸಬೇಕು ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಜಾಸ್ತಿ ಆದರೆ ಹೊಟ್ಟೇ ತುಪ್ಪ ಕುಡಿಯುತ್ತದೆ ಎಂದಷ್ಟು ಹೇಳಬಲ್ಲೆ.

ಲೆಕ್ಕ ಹೀಗಿದೆ. ನೂರು ಕೆಜಿ ಒಣ ಬೀಜಕ್ಕೆ ಅರವತ್ತು ಕೆಜಿ ತಿರುಳು. ಅದರಿಂದ ಹತ್ತೊಂಬತ್ತು–ಇಪ್ಪತ್ತು ಕೆಜಿ ತುಪ್ಪ. ಬೀಜದಲ್ಲಿ ಇರೋದೇ ಇಪ್ಪತ್ತೈದರ ಆಸುಪಾಸು, ಹಾಗಾಗಿ ಇದು ಕಡಿಮೆ ಏನಲ್ಲ. ಕುದಿಸಿ ತೆಗೆದಾಗ ಹತ್ತು, ಭಾರೀ ಅಂದರೆ ಹನ್ನೆರಡು. ಬೀಜ, ಕೂಲಿ, ಕರೆಂಟು, ಸೌದೆ ಎಲ್ಲ ಸೇರಿ ಕೆಜಿ ತುಪ್ಪಕ್ಕೆ ಇನ್ನೂರೈವತ್ತರಿಂದ ಇನ್ನೂರೆಂಬತ್ತು ಬೀಳುತ್ತದೆ. ಮುಲಾಮು, ಕ್ರೀಮು ಮಾಡುವವರಿಗೆ ನಾನ್ನೂರೈವತ್ತರ ಮೇಲೆ ಹೋಗುತ್ತದೆ. ಗಾಣದ ಸಾಲ ಈ ವರ್ಷ ತೀರಿತು.

ಕ್ರೀಮಿನವರದ್ದು ಇನ್ನೊಂದು ತಕರಾರಿತ್ತು, ತುಪ್ಪ ಮರಳು ಮರಳಾಗಿದೆ ಅಂತ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟಿಯರಿಕ್ ಆಮ್ಲ ಎಂಬ ಗಟ್ಟಿಯಾಗುವ ಕೊಬ್ಬಿನಾಮ್ಲ. ಸುಮ್ನೆ ಪಾತ್ರೆಯಲ್ಲಿ ಬಿಟ್ಟರೆ ನಿಧಾನಕ್ಕೆ ತಣಿದು ಹರಳು ಕಟ್ಟುತ್ತದೆ. ಬಟ್ಟೆಯಲ್ಲಿ ಬಿಸಿಯಾಗಿ ಸೋಸಿ, ಬಿಸಿನೀರಲ್ಲಿ ತೊಳೆದು, ನೀರಿನ ಪಸೆ ಪೂರ್ತಿ ಆರಿಸಿ, ಮತ್ತೆ ಎಪ್ಪತ್ತರವರೆಗೆ ಕಾಯಿಸುತ್ತೇನೆ. ಆಮೇಲೆ ತಣ್ಣೀರ ತೊಟ್ಟಿಯಲ್ಲಿ ಪಾತ್ರೆ ಇಟ್ಟು ಕಲಕುತ್ತಾ ತಣಿಸೋದು. ತಿಳಿಯಾಗಿದ್ದದ್ದು ಇದ್ದಕ್ಕಿದ್ದಂತೆ ಮಬ್ಬಾಗುತ್ತದೆ, ಸೌಟಿನ ಗೆರೆ ಮೇಲೆ ಉಳಿಯುತ್ತದೆ. ಆಗ ತಟ್ಟೆಗೆ ಸುರಿದರೆ ಬೆಳ್ಳಗೆ, ನುಣ್ಣಗೆ ಕೂರುತ್ತದೆ. ತೊಳೆಯುವ ನೀರಿಗೆ ನಾನು ಒಂದು ಸಾಮಾನು ಹಾಕುತ್ತೇನೆ. ಅಡುಗೆಮನೆಯದ್ದೇ, ಹುಡುಕಿದರೆ ನಿಮಗೂ ಸಿಗುತ್ತದೆ.

ಚಾಕಲೇಟಿನವರೂ ಒಮ್ಮೆ ವಿಚಾರಿಸಿದ್ದರು. ಯುರೋಪಿನಲ್ಲಿ 2000ದ ಕಾನೂನಿನ ಪ್ರಕಾರ ಚಾಕಲೇಟಿಗೆ ಕೋಕೋ ಬೆಣ್ಣೆಯ ಜೊತೆ ನೂರಕ್ಕೆ ಐದರವರೆಗೆ ಸೇರಿಸಬಹುದಾದ ಆರು ಕೊಬ್ಬುಗಳಲ್ಲಿ ಮುರುಗಲದ್ದೂ ಒಂದು. ಸಾಲ್ ಮರದ ಬೀಜದ್ದು, ಮಾವಿನ ಓಟೆಯದ್ದು ಕೂಡ ಆ ಪಟ್ಟಿಯಲ್ಲಿವೆ. ಅವರು ಕೇಳಿದ್ದು ಟನ್ನಿನ ಲೆಕ್ಕದಲ್ಲಿ. ನನ್ನ ಇಡೀ ಹಂಗಾಮಿನ ಉತ್ಪನ್ನ ಅರ್ಧ ಟನ್ನೂ ಮುಟ್ಟೋದಿಲ್ಲ.

ಸಿಪ್ಪೆ ಕಡೆಗೂ ಕೈ ಹಾಕಿದ್ದೆ. ಪಾಕ ಇಳಿಸಿದ ಮೇಲೂ ಅದರಲ್ಲಿ ಬಣ್ಣ ಧಾರಾಳ ಉಳಿದಿರುತ್ತದೆ. ನಿಂಬೆಹುಳಿ ಉಪ್ಪಿನ (ಸಿಟ್ರಿಕ್ ಆಮ್ಲದ) ನೀರಲ್ಲಿ ನೆನೆಸಿದರೆ ರಕ್ತಗೆಂಪು ಇಳಿಯುತ್ತದೆ, ನೋಡೋಕೆ ಬಲು ಚೆಂದ. ಗಟ್ಟಿ ಮಾಡೋಣ ಎಂದು ಒಲೆ ಮೇಲಿಟ್ಟರೆ ಕಂದು. ಕಬ್ಬಿಣದ ಬಾಣಲೆಯಲ್ಲಿ ಇಟ್ಟದ್ದಂತೂ ಶಾಯಿಯ ಬಣ್ಣಕ್ಕೆ ತಿರುಗಿತು. ಗಾಜಿನ ಬಾಟಲಿಯಲ್ಲಿ ಕಿಟಕಿ ಹತ್ತಿರ ಇಟ್ಟ ಮಾದರಿ ತಿಂಗಳೊಳಗೆ ಚಹಾದಂತಾಯಿತು. ಈ ಕೆಂಪು ಬಣ್ಣಕ್ಕೆ, ಅಂದರೆ ಆಂಥೋಸಯಾನಿನ್ನಿಗೆ, ಬಿಸಿಯೂ ಆಗೋದಿಲ್ಲ, ಬೆಳಕೂ ಆಗೋದಿಲ್ಲ. ನಿರ್ವಾತದಲ್ಲಿ ಆವಿ ಮಾಡುವ ಯಂತ್ರ ಬೇಕು. ಅದರ ಬೆಲೆ ಕೇಳಿ ಫೋನ್ ಇಟ್ಟೆ. ಈಗ ಆ ಸಿಪ್ಪೆಯನ್ನು ಕಡಿಮೆ ಬಿಸಿಯಲ್ಲಿ ಒಣಗಿಸಿ, ಪುಡಿ ಮಾಡಿ, ಸಾರಿನ ಹುಳಿಗೆ ಅಂತ ಕೊಡುತ್ತೇನೆ. ಕರೆಂಟಿನ ಬಿಲ್ಲು ಅದರಲ್ಲಿ ಕಳೆಯುತ್ತದೆ.

ಹಿಂಡಿಯನ್ನು ಎಮ್ಮೆ ಮೂಸಿಯೂ ನೋಡಲಿಲ್ಲ. ತೋಟದ ಗೊಬ್ಬರಕ್ಕೆ ಹಾಕುತ್ತಿದ್ದೇನೆ. ಒಲೆಗೂ ಚೆನ್ನಾಗಿ ಉರಿಯುತ್ತದೆ, ಹಂಡೆಯ ನೀರು ಅದರಲ್ಲೇ ಕಾಯುತ್ತದೆ.

ಮುರುಗಲದ್ದೇ ಜಾತಿಯ ಹುಳಿಹಣ್ಣು ಉಪ್ಪಾಗೆ, ಅದರ ಬೀಜವನ್ನೂ ಇದೇ ಗಾಣಕ್ಕೆ ಹಾಕಿ ನೋಡಿದೆ. ಅದರ ತುಪ್ಪ ಮುರುಗಲದ್ದಕ್ಕಿಂತ ಮೆತ್ತಗೆ, ಹಳದಿ. ಗಾಣಕ್ಕೆ ಸಲೀಸು, ಹೀಟರ್ ನಲವತ್ತೈದಕ್ಕೆ ಇಟ್ಟರೂ ಸಾಕು. ಆದರೆ ಹಣ್ಣು ಬರೋದೇ ಜಡಿಮಳೆಯಲ್ಲಿ. ಸಿಪ್ಪೆ ಒಣಗಿಸುವವರು ಹೊಗೆ ಅಟ್ಟದ ಮೇಲೇ ಬೀಜವನ್ನೂ ಹರಡುತ್ತಾರೆ, ತುಪ್ಪಕ್ಕೆ ಹೊಗೆ ವಾಸನೆ ಹತ್ತುತ್ತದೆ. ಊಟಕ್ಕೆ ಬಳಸುವ ನಮ್ಮವರಿಗೆ ಅದೇ ರುಚಿ, ಕ್ರೀಮಿನವರಿಗೆ ಬೇಡ. ಮುಂದಿನ ಮಳೆಗಾಲಕ್ಕೆ ಬೀಜಕ್ಕೇ ಬೇರೆ ತಟ್ಟೆ ಮಾಡಿಸಿ ಡ್ರೈಯರಿನಲ್ಲಿ ಇಡುವ ಯೋಚನೆ ಇದೆ. ಶಿರಸಿ, ಸಿದ್ದಾಪುರದ ಸುತ್ತ ಹೊಗೆ ಹತ್ತದ ಉಪ್ಪಾಗೆ ಬೀಜ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಮುರುಗಲಿಗಿಂತ ಐದು ರೂಪಾಯಿ ಜಾಸ್ತಿಯೇ ಕೊಡುತ್ತೇನೆ.